ಕೆಂಟನ್ನಿನ ಚರಿತ್ರೆಯಿಂದ ಬಿಟ್ಟುಹೋದ ಹಾಳೆ

ಕಾಮಾಕ್ಷಿಗೆ ಒಂದು ಕಡೆ ಕೂತು ಅಭ್ಯಾಸವೇ ಇರಲಿಲ್ಲ. ಲಂಡನ್ನಿನ ಒಂದು ಜಿಪಿ ಸರ್ಜರಿಯಲ್ಲಿ, ಎಂದರೆ ವೈದ್ಯರ ಕ್ಲಿನಿಕ್ಕಿನಲ್ಲಿ, ಹತ್ತೊಂಬತ್ತು ವರ್ಷ ರಿಸೆಪ್ಷನ್ ನೋಡಿಕೊಂಡಿದ್ದವಳು ಅರವತ್ತೆರಡಕ್ಕೆ ಕೆಲಸ ಬಿಟ್ಟ ಮೇಲಂತೂ ಮನೆಯೊಳಗೆ ಕಾಲು ನಿಲ್ಲುತ್ತಿರಲಿಲ್ಲ. ಒಗೆದ ಪರದೆಯನ್ನೇ ಮತ್ತೆ ಒಗೆಯುವಳು, ಹಾಲು ಇದ್ದರೂ ಹಾಲು ತರಲು ಹೊರಡುವಳು. ಗಂಡ ನರಸಿಂಹಮೂರ್ತಿ ಮೈಸೂರಿನವರ ಸಮಾಧಾನದಲ್ಲಿ ಪೇಪರು ಓದುತ್ತ, "ಒಂದು ಗಳಿಗೆ ಕೂತ್ಕೊಳೇ, ನಿನ್ನ ನೋಡಿದ್ರೆ ನಂಗೆ ಸುಸ್ತಾಗತ್ತೆ" ಎನ್ನುತ್ತಿದ್ದರು.

ಹಾಗಾಗಿ, ಅವರಿದ್ದ ಕೆಂಟನ್ ಬಡಾವಣೆಯ ನಿವಾಸಿಗಳ ಸಂಘದವರು ಅಲ್ಲಿನ ಚರಿತ್ರೆ ಕುರಿತು ಪುಟ್ಟ ಪುಸ್ತಕ ತರುತ್ತೇವೆ, ಯಾರಾದರೂ ಬರೆದುಕೊಡುತ್ತೀರಾ ಎಂದು ಕೇಳಿದಾಗ ಕೈ ಎತ್ತಿದವಳು ಅವಳೊಬ್ಬಳೇ. ಮೊದಲ ಭಾಗಕ್ಕೆ ಕಷ್ಟವಾಗಲಿಲ್ಲ. ಲೈಬ್ರರಿಯ ಹಳೆಯ ನಕ್ಷೆಗಳಲ್ಲಿ ಹುಲ್ಲುಗಾವಲು, ಎರಡು ಮೂರು ತೋಟದ ಮನೆ, ಒಂದು ಕಾಲುದಾರಿ. ಆಮೇಲೆ ರೈಲು ಬಂತು. ಹುಲ್ಲುಗಾವಲಿನ ಮೇಲೆ ಒಂದೇ ಅಚ್ಚಿನ ಜೋಡಿಮನೆಗಳು ಸಾಲು ಸಾಲಾಗಿ ಎದ್ದವು. ಯುದ್ಧ ಬಂದು ಹೋಯಿತು. ಅಲ್ಲಿಂದ ಮುಂದೆ ಕಾಗದಪತ್ರವೇ ಇಲ್ಲ. ಅಂಗಡಿಗಳ ಫಲಕ ಗುಜರಾತಿಗೆ ತಿರುಗಿದ್ದು ಹೇಗೆ, ಬೀದಿಗೆ ಹೊಸಬರು ಬಂದದ್ದು ಯಾವಾಗ, ಇದನ್ನೆಲ್ಲ ಯಾರೂ ಬರೆದಿಟ್ಟಿರಲಿಲ್ಲ. ಕಾಮಾಕ್ಷಿ ನೋಟ್‌ಬುಕ್ಕು ಹಿಡಿದು ಮನೆಮನೆಗೆ ಹೊರಟಳು.

ಪಕ್ಕದ ಮನೆಯ ಡೋರೀನ್‌ಗೆ ಎಂಬತ್ತನಾಲ್ಕು. ಆ ಮನೆ ಹೊಸದಾಗಿದ್ದಾಗ ಅವಳ ತಂದೆ ಕೊಂಡದ್ದು. ಹುಟ್ಟಿದ್ದೂ ಅಲ್ಲೇ, ಗಂಡನನ್ನು ಕಳೆದುಕೊಂಡದ್ದೂ ಅಲ್ಲೇ. ಇಪ್ಪತ್ತೈದು ವರ್ಷದ ನೆರೆಹೊರೆ. ಕಾಮಾಕ್ಷಿಯ ಚಿತ್ರಾನ್ನ ಅವಳಿಗೆ ಇಷ್ಟ, ಅವಳ ಗುಲಾಬಿ ಕಡ್ಡಿಗಳು ಕಾಮಾಕ್ಷಿಯ ಅಂಗಳದಲ್ಲಿ. ಆ ಮಧ್ಯಾಹ್ನ ಬಾಲ್ಯದ ಕಥೆಗಳನ್ನೆಲ್ಲ ಹೇಳಿ ಮುಗಿಸಿದ ಡೋರೀನ್, ಕಾಮಾಕ್ಷಿ ಎದ್ದು ನಿಂತಾಗ ಇನ್ನೊಂದಿದೆ, ಕೂತುಕೋ ಎಂದಳು.

ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಉಗಾಂಡಾದಿಂದ ಹೊರಹಾಕಿಸಿಕೊಂಡ ಒಂದು ಗುಜರಾತಿ ಸಂಸಾರ ಪಕ್ಕದ ಮನೆ ಕೊಳ್ಳಲು ಬಂದಿತ್ತು. ಅವರಿಗೆ ಮಾರಬೇಡಿ ಎಂದು ಬೀದಿಯವರು ಅರ್ಜಿ ಬರೆದರು. ಇಪ್ಪತ್ತಮೂರು ಸಹಿ. ಮಾಲೀಕ ಕಿವಿಗೆ ಹಾಕಿಕೊಳ್ಳದೆ ಮಾರಿದ. ಆದರೆ ಆ ಸಂಸಾರದ ಜೊತೆ ಒಂದೂವರೆ ವರ್ಷ ಯಾರೂ ಮಾತಾಡಲಿಲ್ಲ. ಕೊನೆಗೆ ಅವರು ಲೆಸ್ಟರ್ ನಗರಕ್ಕೆ ಹೊರಟುಹೋದರು.

"ಅರ್ಜಿ ಹಿಡಕೊಂಡು ಬಾಗಿಲು ಬಾಗಿಲಿಗೆ ಹೋದವಳು ನಾನೇ" ಎಂದಳು ಡೋರೀನ್. "ಆ ಮನೆ ಈಗ ನಿನ್ನದು. ಬರೀ. ನನ್ನ ಹೆಸರು ಹಾಕಿಯೇ ಬರೀ."

ಕಾಮಾಕ್ಷಿ ನೋಟ್‌ಬುಕ್ಕು ಮುಚ್ಚಿ ಎದ್ದಳು. ಮನೆಗೆ ಬಂದವಳು ಒಲೆಯ ಮೇಲೆ ಸಾರಿಟ್ಟು ಮರೆತಳು. ತನ್ನದೇ ಅಡುಗೆಮನೆ ಬೇರೆಯವರದ್ದೆನ್ನಿಸಿತು. ಹಿತ್ತಲಿಗೆ ಹೋದರೆ ಬೇಲಿಯಾಚೆ ಡೋರೀನ್ ಕಾಣುತ್ತಾಳೆಂದು ಒಳಗೆ ಬಂದಳು, ಒಳಗೆ ನಿಲ್ಲಲಾಗದೆ ಸ್ಟೇಷನ್ನಿನವರೆಗೂ ನಡೆದು ವಾಪಸು ಬಂದಳು. ಹೀಗೆ ನಾಲ್ಕು ದಿನ. ಐದನೆಯ ದಿನ ಕೂತು ಒಂದೇ ಹಾಳೆಯಲ್ಲಿ ಅಷ್ಟನ್ನೂ ಬರೆದಳು.

ಸಂಘದ ಕಾರ್ಯದರ್ಶಿ ಸಂದೀಪ್ ಬೆಂಗಳೂರಿನವನು, ಬಂದು ಎಂಟು ವರ್ಷವಾಗಿತ್ತು. ಹಾಳೆ ಓದಿ ಮುಖ ಸಣ್ಣದು ಮಾಡಿಕೊಂಡ.

"ಆಂಟಿ, ಇದು ಕ್ರಿಸ್‌ಮಸ್‌ಗೆ ಎಲ್ಲರ ಮನೆಗೂ ಕೊಡೋ ಪುಸ್ತಕ. ನಾವೆಲ್ಲ ಈಗ ಚೆನ್ನಾಗೇ ಇದೀವಲ್ಲ, ಹಳೇದನ್ನ ಯಾಕೆ ಕೆದಕೋದು?"

"ಚೆನ್ನಾಗಿದೀವಪ್ಪ. ಎಲ್ಲಿಂದ ಇಲ್ಲೀವರೆಗೂ ಬಂದ್ವಿ ಅಂತ ಹೇಳ್ದೆ ಇದ್ರೆ ಇದ್ಯಾವ ಚರಿತ್ರೆ?"

ಸಮಿತಿ ಆ ಹಾಳೆ ಬೇಡವೆಂದಿತು. ಪುಸ್ತಕ ಅಂದವಾಗಿಯೇ ಅಚ್ಚಾಯಿತು. ಹಂಚುವ ಕೆಲಸಕ್ಕೂ ಮುಂದೆ ಬಂದವಳು ಕಾಮಾಕ್ಷಿಯೇ. ಲೈಬ್ರರಿಯಲ್ಲಿ ಆ ಹಾಳೆಯ ನೂರೈವತ್ತು ಪ್ರತಿ ತೆಗೆಸಿ, ಪ್ರತಿಯೊಂದರ ಕೆಳಗೂ ತನ್ನ ಹೆಸರು ಬರೆದು, ಮಡಚಿ, ಒಂದೊಂದು ಪುಸ್ತಕದೊಳಗೂ ಇಟ್ಟು, ಮೂರು ದಿನ ಬೀದಿ ಬೀದಿ ಸುತ್ತಿ ಹಾಕಿ ಬಂದಳು. ಮೂರನೆಯ ದಿನ ನರಸಿಂಹಮೂರ್ತಿ ತಾವೂ ಚೀಲ ಹಿಡಿದು ಹಿಂದೆ ನಡೆದರು.

ಸಂದೀಪ್ ತಿಂಗಳುಗಟ್ಟಲೆ ಮಾತು ಬಿಟ್ಟ. ಮೂಲೆಮನೆಯ ಮುದುಕನೊಬ್ಬ ಪುಸ್ತಕವನ್ನು ವಾಪಸು ತಂದು ಬಾಗಿಲಲ್ಲಿಟ್ಟು ಹೋದ. ಯಾರೋ ಹಾಳೆಯ ಫೋಟೊ ವಾಟ್ಸಾಪಿನಲ್ಲಿ ಕಳಿಸಿ, ಅದು ಕೈಯಿಂದ ಕೈಗೆ ಹೋಗಿ, ಫೆಬ್ರವರಿಯಲ್ಲಿ ಲೆಸ್ಟರ್‌ನಿಂದ ಒಂದು ಫೋನು ಬಂತು. ಹಂಸಾಬೆನ್ ಎಂಬ ಹೆಂಗಸು, ಆ ಗುಜರಾತಿ ಸಂಸಾರದ ಮಗಳು. ಆಗ ಒಂಬತ್ತು ವರ್ಷದ ಹುಡುಗಿ, ಈಗ ಹೆಚ್ಚುಕಮ್ಮಿ ಕಾಮಾಕ್ಷಿಯದೇ ವಯಸ್ಸು. ಮನೆ ಒಮ್ಮೆ ನೋಡಬಹುದೇ ಎಂದು ಕೇಳಿದಳು.

ಬಂದ ದಿನ ಅವಳು ಕೋಟು ಬಿಚ್ಚದೆಯೇ ಮಹಡಿ ಹತ್ತಿದಳು. ಹಿಂಬದಿಯ ಕೋಣೆಯ ಕಿಟಕಿಯಲ್ಲಿ ತುಂಬ ಹೊತ್ತು ನಿಂತಳು. ಇಲ್ಲಿಂದ ಪಕ್ಕದ ಮನೆಯ ಮಕ್ಕಳು ಆಡುವುದನ್ನು ನೋಡುತ್ತಿದ್ದೆ, ಕೆಳಗೆ ಹೋಗಬೇಡ ಎನ್ನುತ್ತಿದ್ದಳು ಅಮ್ಮ, ಎಂದಳು. ಡೋರೀನ್ ನಿಮ್ಮನ್ನು ಕಾಣಬೇಕೆಂದು ಬೆಳಗಿನಿಂದ ಕಾಯುತ್ತಿದ್ದಾಳೆ ಎಂದು ಕಾಮಾಕ್ಷಿ ಮೆಲ್ಲಗೆ ತಿಳಿಸಿದಳು.

"ಅವರು ಹೇಳಿದ್ದನ್ನ ಓದಿದೆ. ಅಷ್ಟು ಸಾಕು" ಎಂದಳು ಹಂಸಾಬೆನ್. "ನಮ್ಮಮ್ಮ ಇದ್ದಿದ್ದರೆ ಹೋಗುತ್ತಿದ್ದಳೇನೋ. ನನ್ನ ಕೈಲಿ ಆಗಲ್ಲ."

ಕಾಫಿ ಕುಡಿದು, ಕಾಮಾಕ್ಷಿಯ ಕೈ ಒತ್ತಿ ಹಿಡಿದು ಹೊರಟಳು.

ಕಾಮಾಕ್ಷಿ ಪಕ್ಕದ ಮನೆಗೆ ಹೋದಳು. ಡೋರೀನ್ ಒಳ್ಳೆಯ ಕಾರ್ಡಿಗನ್ ತೊಟ್ಟು, ಎರಡು ಕಪ್ಪು ಜೋಡಿಸಿಟ್ಟು ಕೂತಿದ್ದಳು. ಸುಳ್ಳು ಹೇಳಿ ಸಮಾಧಾನಪಡಿಸಬಹುದಿತ್ತು. ಕಾಮಾಕ್ಷಿ ಇದ್ದದ್ದನ್ನು ಇದ್ದಂತೆಯೇ ಹೇಳಿದಳು. ಡೋರೀನ್ ತಲೆಯಾಡಿಸಿದಳು, ಅವಳ ಜಾಗದಲ್ಲಿದ್ದರೆ ನಾನೂ ಬರುತ್ತಿರಲಿಲ್ಲ ಎಂದಳು. ಆಮೇಲೆ, ಆ ಮಗು ಮಹಡಿ ಕಿಟಕಿಯಲ್ಲಿ ನಿಲ್ಲುತ್ತಿದ್ದದ್ದು ನನಗೆ ಆಗಲೂ ಕಾಣುತ್ತಿತ್ತು, ಅದನ್ನು ನಿನಗೆ ಹೇಳಿರಲಿಲ್ಲ ಎಂದಳು.

ಅದನ್ನೂ ಬರೆಯಲೇ ಎಂದು ಕೇಳಿ, ಅವಳು ಹೂಂ ಎಂದ ಮೇಲೆ, ಕಾಮಾಕ್ಷಿ ಎದುರಿನ ಕುರ್ಚಿ ಎಳೆದುಕೊಂಡು ಕೂತಳು.