ದುರ್ಗವ್ವನ ಟೈರಿನ ಚಪ್ಪಲಿ

ಕುಂದಗೋಳದ ಕಡೆಯ ಹಳ್ಳಿಯೊಂದರಲ್ಲಿ ದುರ್ಗವ್ವನ ಗಂಡ ತಿರಕಪ್ಪ ಊರಿಗೆಲ್ಲ ಚಪ್ಪಲಿ ಹೊಲಿಯುವವನು. ಮದುವೆಯಾದ ವರ್ಷ ಹೆಂಡತಿಗೂ ಒಂದು ಜೊತೆ ಹೊಲಿದುಕೊಟ್ಟ. ಕೊಡುವಾಗಲೇ ಬುದ್ಧಿಮಾತನ್ನೂ ಹೇಳಿದ: ಚಾವಡಿ ಕಟ್ಟೆ ಬಂತೆಂದರೆ ಕಳೆದು ಕೈಯಲ್ಲಿ ಹಿಡಿಯಬೇಕು. ಕಟ್ಟೆಯ ಮೇಲೆ ಕೂತ ಹಿರಿಯರೆದುರು ಇವರ ಕೇರಿಯವರು ಮೆಟ್ಟಿಕೊಂಡು ನಡೆಯುವಂತಿರಲಿಲ್ಲ. ಆ ಹಿರಿಯರ ಕಾಲಲ್ಲಿದ್ದದ್ದೂ ತಿರಕಪ್ಪ ಹೊಲಿದ ಚಪ್ಪಲಿಯೇ! ಹದಿನೆಂಟು ವರ್ಷ ದುರ್ಗವ್ವ ಹಲ್ಲು ಕಚ್ಚಿ ಹಾಗೇ ನಡೆದಳು.

ಎಂಬತ್ತೈದರ ಬೇಸಿಗೆಯಲ್ಲಿ, ಚಪ್ಪಲಿ ಕೈಯಲ್ಲಿದ್ದಾಗಲೇ, ಅದೇ ಕಟ್ಟೆಯ ಮುಂದೆ ಜಾಲಿಮುಳ್ಳು ಹೆಬ್ಬೆರಳಿನ ಬುಡಕ್ಕೆ ನೆಟ್ಟಿತು. ಕೀವಾಗಿ, ಬೆರಳು ಕಪ್ಪಾಗಿ, ಕೊನೆಗೆ ದವಾಖಾನೆಯಲ್ಲಿ ಅದನ್ನು ತೆಗೆದೇಬಿಟ್ಟರು. ಹೆಬ್ಬೆರಳಿಲ್ಲದ ಕಾಲಿಗೆ ಉಂಗುಟದ ಚಪ್ಪಲಿ ನಿಲ್ಲುವುದಿಲ್ಲ.

"ಹಿಂದ ಪಟ್ಟಿ ಹಚ್ಚಿ ಬ್ಯಾರೆ ಹೊಲದ ಕೊಡು," ಎಂದಳು ದುರ್ಗವ್ವ.

"ಹಿಂದ ಪಟ್ಟಿ ಇದ್ರ ಕಟ್ಟಿ ಮುಂದ ಲಗೂ ಕಳಿಯಾಕ ಬರೂದಿಲ್ಲಬೇ," ಎಂದ ಗಂಡ.

ದುರ್ಗವ್ವನ ಮೈಯೆಲ್ಲ ಉರಿದುಹೋಯಿತು. ಬೆರಳು ಹೋದರೂ ಈ ಮನುಷ್ಯನಿಗೆ ಕಟ್ಟೆಯದೇ ಚಿಂತೆ. ಮರುದಿನ ಕುಂದಗೋಳಕ್ಕೆ ಹೋಗಿ ಪಂಕ್ಚರ್ ಅಂಗಡಿಯ ದಾವೂದಸಾಬನಿಂದ ಸವೆದ ಲಾರಿ ಟೈರಿನ ತುಂಡು, ಹರಿದ ಟ್ಯೂಬು ಕೇಳಿ ತಂದಳು. ಗಂಡನ ಚರ್ಮ ಕೊಯ್ಯುವ ರಂಪಿಗೆ ಎತ್ತಿಕೊಂಡು ಅಂಗಳದಲ್ಲಿ ಕೂತಳು. ಬೂದಿ ಹಚ್ಚಿದ ಪಾದವನ್ನು ಟೈರಿನ ಮೇಲೆ ಊರಿ ಅಳತೆ ತೆಗೆದಳು. ಟೈರು ಚರ್ಮದಂತಲ್ಲ, ನೀರು ಸವರುತ್ತ ಕೊಯ್ದರೆ ಮಾತ್ರ ಅಲಗು ಮುಂದೆ ಹೋಗುತ್ತದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಗಂಡ ಕಲಿಸಲು ಬಂದರೆ ಗುರ್ರೆಂದು ಅಟ್ಟಿದಳು. ಟ್ಯೂಬಿನ ಪಟ್ಟಿಗಳನ್ನು ಟೈರಿನ ಅಟ್ಟೆಗೆ ಮೊಳೆ ಹೊಡೆದು ಕೂಡಿಸಿದಳು. ಹಿಮ್ಮಡದ ಪಟ್ಟಿಯನ್ನು ಕಾಲಿಗೆ ಸುತ್ತಿ ಗಂಟಿನ ಮೇಲೆ ಗಂಟು ಹಾಕಿ ಕಳೆ ಕೀಳಲು ಹೊರಟವಳು ಕಟ್ಟೆಯ ಮುಂದೆ ಬಂದರೂ ಚಪ್ಪಲಿ ಕಳೆಯಲಿಲ್ಲ.

"ದುರ್ಗಿ, ಕಾಲ್ಮರಿ ಕಳಿ," ಎಂದ ಕಟ್ಟೆಯ ಮೇಲಿದ್ದ ಹೊಳಬಸಪ್ಪ.

"ಗಂಟ ಬಿಗದೈತ್ರಿ. ನೀವ ಬಂದು ಬಿಚ್ಚರಿ."

ಅವಳ ಬೊಗಸೆಗೆ ನೀರನ್ನೂ ಮೇಲಿಂದ ಸುರಿಯುವವನು ಕಾಲು ಮುಟ್ಟಿಯಾನೇ? ಹೊಳಬಸಪ್ಪ ಕೆಂಡವಾದ. ಕಟ್ಟೆಯ ಕೆಳಗೆ ಕೂತು ಅವನ ಚಪ್ಪಲಿಗೇ ಹೊಲಿಗೆ ಹಾಕುತ್ತಿದ್ದ ತಿರಕಪ್ಪನತ್ತ ತಿರುಗಿದ.

"ನೀನರ ಬಿಚ್ಚಲೇ."

ತಿರಕಪ್ಪ ಎದ್ದು ಬಂದು ಹೆಂಡತಿಯ ಕಾಲ ಬಳಿ ಕುಕ್ಕರಿಸಿದ. ಬಿಚ್ಚಿದರೆ ಒದ್ದೇಬಿಡುವುದೆಂದು ದುರ್ಗವ್ವ ಮನಸ್ಸು ಗಟ್ಟಿ ಮಾಡಿಕೊಂಡಳು. ಅವನು ಬೆರಳಿಲ್ಲದ ಜಾಗವನ್ನು ಒಂದಿಷ್ಟು ಹೊತ್ತು ನೋಡಿದ. ಆಮೇಲೆ ಗಂಟನ್ನು ಜಗ್ಗಿ ಇನ್ನಷ್ಟು ಬಿಗಿದು, ಅದರ ಮೇಲೆ ಮತ್ತೊಂದು ಗಂಟು ಹಾಕಿದ.

"ನಡಿ," ಎಂದ.

ದುರ್ಗವ್ವನ ಸಿಟ್ಟೇನೂ ಇಳಿಯಲಿಲ್ಲ.

"ಹದಿನೆಂಟ ವರ್ಷ ತಡಾ ಮಾಡಿದಿ," ಎಂದು ಗಂಡನ ಮುಖಕ್ಕೇ ಹೇಳಿ, ಕಟ್ಟೆಯ ಮುಂದೆ ದಪದಪ ಹೆಜ್ಜೆ ಹಾಕುತ್ತ ಹೋದಳು.