ಅಮಾವಾಸ್ಯೆಗೊಮ್ಮೆ ಪಂಪು ತೊಳೆಯುತ್ತಿದ್ದ ವೈನಿ

ವೈನಿಯ ಬೆರಳುಗಳಿಗೆ ಸದಾ ನಿಂಬೆಹಣ್ಣಿನ ವಾಸನೆ. ಬಲಗೈಯ ತುದಿಬೆರಳುಗಳು ಹುಳಿಗೆ ಬೆಳ್ಳಗಾಗಿ, ಸಿಪ್ಪೆ ಎದ್ದು, ಉಗುರಿನ ಸಂದಿಯಲ್ಲಿ ಸುಣ್ಣದಂಥ ಪುಡಿ ಕೂತಿರುತ್ತಿತ್ತು. ಮೀನಿನ ತೊಟ್ಟಿಯ ಪಂಪನ್ನು ತಿಕ್ಕಿ ತಿಕ್ಕಿ ಆದ ಕೈ ಅದು.

ವೈನಿ ನನ್ನ ಅಣ್ಣನ ಹೆಂಡತಿ; ಇಳಕಲ್ಲಿನಲ್ಲಿ ಅವರ ಮನೆ. ಪಡಸಾಲೆಯಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ವೈನಿಯ ಗಾಜಿನ ತೊಟ್ಟಿ, ಗೋಡೆಯಾಚೆ ಅಣ್ಣನ ಪವರ್‌ಲೂಮ್. ಬೋರಿನ ನೀರು ಎಷ್ಟು ಗಡಸೆಂದರೆ ತಾಮ್ರದ ಕೊಡದ ಒಳಗೂ ಬಿಳಿ ಪದರ ಕಟ್ಟುತ್ತಿತ್ತು. ತೊಟ್ಟಿಯ ನೀರನ್ನು ತಿರುಗಿಸುವ ಪುಟ್ಟ ಪಂಪಿಗೂ ಅದೇ ಗತಿ. ನೇಕಾರರ ರಜೆಯೆಂದು ಮಗ್ಗ ನಿಲ್ಲುವ ಅಮಾವಾಸ್ಯೆಯೇ ವೈನಿ ಪಂಪು ತೊಳೆಯುವ ದಿನ. ಬೇಸಿಗೆಯಲ್ಲಿ ನೀರು ಬೇಗ ಆರಿ ಸುಣ್ಣ ಜಾಸ್ತಿ ಕಟ್ಟುತ್ತದೆಂದು ಹುಣ್ಣಿಮೆಗೂ ಒಮ್ಮೆ. ಮೊದಲು ಪ್ಲಗ್ ಕೀಳುವರು. ಆಮೇಲೆ ಪಂಪನ್ನು ಬಿಚ್ಚಿ, ಒಳಗಿನ ರೆಕ್ಕೆಚಕ್ರವನ್ನು ನಿಂಬೆರಸದ ನೀರಿನಲ್ಲಿ ನೆನೆಹಾಕಿ, ಹಳೆಯ ಬ್ರಶ್ಶಿನಿಂದ ತಿಕ್ಕಿ, ಹುಳಿ ಪೂರ್ತಿ ಹೋಗುವತನಕ ತೊಳೆಯುವರು.

"ಇಷ್ಟ್ಯಾಕ ಒದ್ದಾಡ್ತೀರಿ ವೈನಿ? ಚಂದ ಓಡಾಕತ್ತೈತಲ್ಲ" ಎಂದೆ ಒಮ್ಮೆ.

"ಓಡೂದು ಕಾಣಸ್ತೈತಿ, ಸುಣ್ಣ ಕಟ್ಟೂದು ಕಾಣಸಂಗಿಲ್ಲ. ಚಕ್ರ ಬಿಗೀತಂದ್ರ ಪಂಪ್ ಕಾಯ್ತೈತಿ. ಕಾದ್ರ ವಾಯರ್ ಬಿರೀತೈತಿ. ಆಮ್ಯಾಲ ನೀರಾಗ ಏನ್ ಇಳೀತೈತಿ, ನೀನ ಹೇಳು." ಹೇಳುವಾಗ ಅವರ ಮುಖದಲ್ಲಿ ನಗು ಇರಲಿಲ್ಲ.

ಒಂದು ಬೇಸಿಗೆ ಅವರ ತಾಯಿಗೆ ಜಡ್ಡಾಗಿ, ವೈನಿ ತವರಾದ ಚೊಳಚಗುಡ್ಡಕ್ಕೆ ಹೋಗಿ ಬಹಳ ದಿನ ಉಳಿಯಬೇಕಾಯಿತು. ಅಮಾವಾಸ್ಯೆ ಬಂತು, ಹೋಯಿತು. ಮತ್ತೊಂದೂ ಕಳೆಯಿತು. ಅಲ್ಲಿಂದ ಫೋನು ಮಾಡಿದಾಗಲೆಲ್ಲ ಒಂದೇ ಪ್ರಶ್ನೆ.

"ಪಂಪ್ ತೊಳದ್ರೇನು?"

"ಓಡಾಕತ್ತೈತಿ ಬಿಡು" ಎನ್ನುತ್ತಿದ್ದ ಅಣ್ಣ.

"ಓಡಾಕತ್ತೈತೇನು ಅಂತ ಕೇಳಿಲ್ಲ ನಾ. ತೊಳದ್ರೋ ಇಲ್ಲೋ?"

ಅವರು ಮರಳಿ ಬರುವ ದಿನ ನಾನು ಹೆಂಡತಿ, ಪುಟ್ಟ ಮಗಳೊಂದಿಗೆ ಬಾಗಲಕೋಟೆಯಿಂದ ಇಳಕಲ್ಲಿಗೆ ಹೋಗಿದ್ದೆ. ಮಧ್ಯಾಹ್ನ ನಾವು ದೊಡ್ಡವರು ಒಳಗೆ ಉಣ್ಣುತ್ತಿದ್ದೆವು. ಮಗ್ಗದ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಫ್ಯಾನು ನಿಂತಿತು. ಮಗ್ಗಗಳೂ ಒಮ್ಮೆಗೇ ನಿಂತವು. ಮನೆಯೆಲ್ಲ ಗಪ್‌ಚುಪ್.

"ಯಾರ್ರೀ ಕರೆಂಟ್ ತಗದವ್ರು?" ಎಂದು ಅಣ್ಣ ಕೂಗಿದ.

ಹೊರಗೆ ಬಂದು ನೋಡಿದರೆ ಹೊಸ್ತಿಲ ಮೇಲೆ ವೈನಿಯ ಚೀಲ ಬಿದ್ದಿತ್ತು. ಬಾಗಿಲ ಪಕ್ಕದ ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಕೆಳಗೆಳೆದು, ಎರಡೂ ಕೈಯಿಂದ ಅವುಚಿ ಅವರು ನಿಂತಿದ್ದರು. ಎದುರಿಗೆ ನನ್ನ ಮಗಳು, ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ. ಒಂದು ಕೈ ಸ್ಟ್ಯಾಂಡಿನ ಮೇಲೆ, ಮೀನಿನ ಕಾಳು ಹಿಡಿದ ಇನ್ನೊಂದು ಕೈ ನೀರಿಗೆ ಇನ್ನೇನು ತಾಗುವಷ್ಟರಲ್ಲಿ. ಮೀನುಗಳೆಲ್ಲ ಪಂಪಿನಿಂದ ದೂರ, ಒಂದೇ ಮೂಲೆಗೆ ಒತ್ತಿಕೊಂಡಿದ್ದವು.

"ಕೈ ತಗಿ. ಹಿಂದ ಸರಿ" ಎಂದರು ವೈನಿ. ಅವರ ದನಿ ಅಷ್ಟು ಕಠಿಣವಾಗಿದ್ದುದನ್ನು ನಾನು ಕೇಳಿರಲಿಲ್ಲ. ಮಗಳು ಅಳತೊಡಗಿದಳು.

ಬಾಗಿಲಲ್ಲೇ ಅವರ ಮೂಗಿಗೆ ಸುಟ್ಟ ವಾಯರಿನ ವಾಸನೆ ಬಡಿದಿತ್ತಂತೆ. ಅಣ್ಣನಿಗೆ ನಂಬಿಕೆಯಾಗಲಿಲ್ಲ. ಎಲ್ಲರನ್ನೂ ದೂರ ನಿಲ್ಲಿಸಿ, ಮತ್ತೆ ಕರೆಂಟು ಹಾಕಿಸಿ, ಟೆಸ್ಟರಿನ ತುದಿಯನ್ನು ನೀರಿಗೆ ತಾಗಿಸಿದ. ಕೆಂಪು ದೀಪ ಹತ್ತಿತು. ನೀರಿನಲ್ಲಿ ಕರೆಂಟು ಇಳಿದಿತ್ತು. ಆಮೇಲೆ ಪ್ಲಗ್ ಕಿತ್ತು ಪಂಪು ತೆಗೆದರೆ, ಚಕ್ರ ಕಾಣದಷ್ಟು ಸುಣ್ಣ ಕಟ್ಟಿ ಕಲ್ಲಾಗಿತ್ತು. ವಾಯರು ಕರಿದಾಗಿ ಬಿರಿದಿತ್ತು. ವೈನಿ ಅಲ್ಲೇ ನೆಲದ ಮೇಲೆ ಕೂತರು.

ಮರುವರ್ಷ ಕಾಮಾಲೆಯಾಗಿ ವೈನಿ ದವಾಖಾನೆಯಲ್ಲೇ ತೀರಿಕೊಂಡರು. ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಮಾತಿಗೆ ಮಾತು ಬಂದು, "ದೊಡ್ಡವ್ವ ಭಾಳ ಸಿಟ್ಟಿನಾಕಿ ಇದ್ಳಲ್ಲಪ್ಪ? ಒಂದ್ಸಲ ಮೀನಿಗೆ ಕಾಳೂ ಹಾಕಗೊಡ್ಲಿಲ್ಲ ನನಗ" ಎಂದಳು.

ಅಂದು ಆ ನೀರಿನಲ್ಲಿ ಏನಿತ್ತೆಂದು ಅವಳಿಗೆ ನಾವ್ಯಾರೂ ಹೇಳಿರಲೇ ಇಲ್ಲ. ಅವಳು ಓದಲಿ ಎಂದು ಇದನ್ನು ಬರೆದಿದ್ದೇನೆ.