ಶ್ಯಾವಿಗೆಯ ಮೇಲೆ ಬಿದ್ದ ಮಸಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಇರಲಿ. ಹನ್ನೊಂದು ವರ್ಷ ಮಸಿ ಅಳೆದವನಿಗೆ ಬಾರದ ಸಿಟ್ಟು ಇನ್ನಾರಿಗೆ ಬರಬೇಕು?

ಹಿಮಾಲಯದ ಒಂದು ಎತ್ತರದ ಗುಡ್ಡದ ಮೇಲೆ ಗಾಳಿ ಪರೀಕ್ಷಿಸುವ ಪುಟ್ಟ ಠಾಣೆಯಿದೆ. ನನ್ನ ನೌಕರಿ ಅಲ್ಲಿ. ಯಂತ್ರವೊಂದು ಗಾಳಿಯನ್ನು ಎಳೆದು ಬಿಳಿ ಕಾಗದದ ಬಿಲ್ಲೆಯ ಮೂಲಕ ಹಾಯಿಸುತ್ತದೆ. ಬಿಲ್ಲೆ ಬದಲಿಸಬೇಕು, ಅದರಲ್ಲಿ ಎಷ್ಟು ಬೆಳಕು ದಾಟುತ್ತದೆಂದು ನೋಡಿ ಬರೆದಿಡಬೇಕು. ಬಯಲಿನ ಜನ ಹೊಲಗಳಿಗೆ ಬೆಂಕಿ ಹಚ್ಚುವ ದಿನಗಳಲ್ಲಿ ಅದು ರೊಟ್ಟಿ ಹಂಚಿನ ತಳದಷ್ಟು ಕಪ್ಪಾಗುತ್ತದೆ. ಆ ಕಪ್ಪು ಸುಮ್ಮನೆ ತೇಲುವುದಿಲ್ಲ. ಬಿಸಿಲನ್ನು ಹೀರಿ ಸುತ್ತಲಿನ ಗಾಳಿಯನ್ನು ಕಾಯಿಸುತ್ತದೆ. ಹಿಮದ ಮೇಲೆ ಕುಳಿತರಂತೂ ಮುಗಿಯಿತು: ಬಿಸಿಲನ್ನು ಹಿಂದಕ್ಕೆ ಕಳಿಸುತ್ತಿದ್ದ ಬಿಳುಪು ಮಾಸಿ, ಹಿಮ ಕಾಲಕ್ಕೆ ಮೊದಲೇ ಕರಗುತ್ತದೆ. ನಮ್ಮ ಠಾಣೆಗೆ ಹೇಸರಗತ್ತೆಯ ಮೇಲೆ ದಿನಸಿ ತರುವ ಮುದುಕನೊಬ್ಬನಿದ್ದಾನೆ. ಬಿತ್ತನೆಗೆ ಮೊದಲೇ ಹಳ್ಳ ತುಂಬಿ ಹರಿದು, ನೀರು ಬೇಕಾದಾಗ ಒಣಗುತ್ತದೆ ಎಂದು ಹಲುಬುತ್ತಾನೆ. ಬೆಂಕಿ ಹಚ್ಚಿದವರು ಯಾರು ಎಂದು ಕೇಳುತ್ತಾನೆ. "ಕೆಳಗಿನವರು" ಎನ್ನುತ್ತಿದ್ದೆ, ನಾನೇನೋ ಆ ಗುಡ್ಡದ ಮೇಲೆಯೇ ಹುಟ್ಟಿದವನ ಹಾಗೆ.

ಕಳೆದ ರಮಜಾನಿನಲ್ಲಿ ಈದಿಗೆ ನಾಲ್ಕೇ ದಿನವಿರುವಾಗ ರಜೆ ಹಾಕಿ ನಮ್ಮೂರು ನಾಗನೂರಿಗೆ ಬಂದೆ. ತಂಗಿಯನ್ನು ಹುಕ್ಕೇರಿಗೆ ಕೊಟ್ಟು ಇನ್ನೂ ವರ್ಷವಾಗಿರಲಿಲ್ಲ. ಮದುವೆಯ ನಂತರದ ಮೊದಲ ಈದಿಗೆ ಮಗಳ ಮನೆಗೆ ತಾಯಿ ಕೈಯಾರೆ ಹೊಸೆದ ಶ್ಯಾವಿಗೆ ಹೋಗಬೇಕು. ನಮ್ಮಲ್ಲಿ ಅದು ತಪ್ಪುವಂತಿಲ್ಲ. ಅಂಗಡಿಯದು ಹೋದರೆ ಬೀಗರ ಮನೆಯ ಹೆಂಗಸರು ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಪಾಕೀಟು ತಿರುವಿ ನೋಡುತ್ತಾರೆ ಅಷ್ಟೆ. ಅಮ್ಮ ರೋಜಾದ ಉಪವಾಸ ಹಿಡಿದೇ ಮೂರು ದಿನ ಹೊಸೆದಿದ್ದಳು. ಮಾಳಿಗೆಯ ಮೇಲೆ ಹೊರಸುಗಳಿಗೆ ಬಿಳಿ ಧೋತರ ಹಾಸಿ, ಕೂದಲೆಳೆಯಷ್ಟು ಸಣ್ಣ ಶ್ಯಾವಿಗೆಯನ್ನು ಒಣಹಾಕಿದ್ದಳು.

ನಾನು ಬಂದ ಮರುದಿನ ಮಧ್ಯಾಹ್ನ ಕಪ್ಪು ಉದುರತೊಡಗಿತು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣಗರಿಗೆ ನಾವು ರವದಿ ಎನ್ನುತ್ತೇವೆ. ಯಾರೋ ಅದಕ್ಕೆ ಬೆಂಕಿಯಿಟ್ಟಿದ್ದರು. ನಾವು ಮಾಳಿಗೆ ಹತ್ತುವಷ್ಟರಲ್ಲಿ ಧೋತರ, ಶ್ಯಾವಿಗೆ ಎಲ್ಲದರ ಮೇಲೂ ಸುಟ್ಟ ಗರಿಯ ಚೂರು. ಅಮ್ಮ ಒಂದೊಂದನ್ನೇ ಹೆಕ್ಕಲು ನೋಡಿದಳು. ಬೆರಳು ತಾಗಿದ ಕಡೆಯೆಲ್ಲ ಮಸಿ ಹರಡಿತು. ಹೊಗೆಗೆ ಕೆಮ್ಮು ಬಂತು, ರೋಜಾ ಇದ್ದುದರಿಂದ ಗುಟುಕು ನೀರೂ ಕುಡಿಯುವಂತಿರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಓಣಿಯಲ್ಲಿ ನಿಂತೇ ಒದರಿದೆ. ಓದಿದ್ದೇಕೆ, ಪಂಚಾಯತಿಯ ಮುಂದೆ "ರವದಿ ಸುಡಬೇಡಿ" ಎಂದು ಬೋರ್ಡು ಹಾಕಿದ್ದೇಕೆ ಎಂದೆ. ಬೋರ್ಡಿಗೆ ಬಣ್ಣ ಬಳಿಸಿದವರಿಗೆ ರವದಿ ಪುಡಿ ಮಾಡುವ ಇನ್ನೊಂದು ಮಷೀನು ಕೊಡಲು ಆಗಲಿಲ್ಲವೇ? ಇಷ್ಟು ದೊಡ್ಡ ಊರಿಗೆ ಒಂದೇ ಮಷೀನು! ಒದರುತ್ತಲೇ ಹೊಗೆ ಎದ್ದ ಕಡೆ ನಡೆದೆ. ಹಾದಿ ನಮ್ಮ ಹೊಲಕ್ಕೇ ಹೋಗಿ ನಿಂತಿತು. ಅದನ್ನು ಪಾಲಿಗೆ ಮಾಡುವ ಕಾಕಾ ಬದುವಿನ ಮೇಲೆ ಹಸಿ ಟೊಂಗೆ ಹಿಡಿದು ಬೆಂಕಿ ಕಾಯುತ್ತಿದ್ದರು.

"ಏನ್ರೀ ಕಾಕಾ ಇದು? ನಮ್ಮ ಅಮ್ಮನ ಶ್ಯಾವಿಗಿ ಎಲ್ಲಾ ಹಾಳಾತ್ರಿ!"

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಸೋಮವಾರ ಕಾಲಿವಿ ನೀರ ಬರತೈತಿ, ಹ್ಯಾಂಗರ ಮಾಡಿ ಅದರಾಗ ಹೊಲಾ ತೆರವ ಮಾಡ್ರಿ ಅಂತ ಫೋನ್ ಮಾಡಿದಾಂವ ನೀನ ಅಲ್ಲೇನ ತಮ್ಮಾ?"

"ಸುಡ್ರಿ ಅಂತ ನಾ ಎಲ್ಲಿ ಅಂದೇನ್ರಿ?"

"ಮಷೀನ ಪಾಳಿ ಇನ್ನ ಎಂಟ ದಿನಕ್ಕೈತಿ. ಎರಡ ದಿನದಾಗ ಮತ್ತ ಹ್ಯಾಂಗ ತೆರವ ಮಾಡೂದು? ನೀನ ಹೇಳ."

ಗುಡ್ಡದ ಮೇಲಿನ ಠಾಣೆಯಿಂದಲೇ ನಾನು ಆ ಫೋನು ಮಾಡಿದ್ದೆ, ಅಂದಿನ ಕಪ್ಪು ಬಿಲ್ಲೆಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ. ಮಷೀನಿಲ್ಲದೆ ನಾಲ್ಕಾರು ದಿನದಲ್ಲಿ ಹೊಲ ತೆರವಾಗುವುದು ಹೇಗೆಂದು ನಾಗನೂರಿನ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಸುಡುವ ಮಾತನ್ನು ಬಾಯಿಂದ ಆಡದಿದ್ದರೆ ಪಾಪ ಕಾಕಾರದ್ದಾಗುತ್ತದೆ ಎಂದು ಲೆಕ್ಕ ಹಾಕಿದ್ದೆನೋ ಏನೋ. ಓಣಿಯವರ ಮೇಲೆ ಒದರಿದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು, ಆದರೂ ಕಾಕಾರ ಮುಂದೆ ಅದನ್ನು ಒಪ್ಪಿಕೊಳ್ಳಲಿಲ್ಲ. ಅಷ್ಟು ಲಜ್ಜೆಗೆಟ್ಟವನು ನಾನು.

ಮತ್ತೆ ಹೊಸೆದು ಒಣಗಿಸಲು ದಿನ ಉಳಿದಿರಲಿಲ್ಲ. ಮೂಡಲಗಿ ಬಜಾರಿಗೆ ಹೋಗಿ ಇದ್ದುದರಲ್ಲಿ ಒಳ್ಳೆಯ ಪಾಕೀಟು ತಂದೆ. ಅದೇ ಹುಕ್ಕೇರಿಗೆ ಹೋಯಿತು. ಬೆಂಕಿ ನಮ್ಮ ಹೊಲದ್ದೇ ಎಂಬುದು ಅಮ್ಮನಿಗೂ ಅಷ್ಟರಲ್ಲಿ ಗೊತ್ತಾಗಿತ್ತು.

ಈದಿನ ದಿನ ತಂಗಿಯ ಫೋನು ಬಂತು. ಅವಳ ದನಿ ಸಣ್ಣಗಿತ್ತು, ಹಿಂದೆ ಯಾರೋ ಇದ್ದರೆಂದು ಕಾಣುತ್ತದೆ. "ಅಮ್ಮಾ, ಅಂಗಡೀದು ಯಾಕ ಕಳಿಸೀದಿ?"

ಅಮ್ಮ ನನ್ನ ಕಡೆ ನೋಡಲಿಲ್ಲ. "ನನ್ನ ಕೈ ನೋಯಾಕತ್ತಿತ್ತವ್ವಾ. ಈ ಸಲ ಹೊಸಿಯಾಕ ಆಗಲಿಲ್ಲ. ನಿಮ್ಮ ಅತ್ತಿ ಮುಂದ ಹಂಗ ಹೇಳ."

ನಾನು ಬಾಜುವಿನಲ್ಲೇ ನಿಂತಿದ್ದೆ. ಹನ್ನೊಂದು ವರ್ಷ ಬೆಂಕಿ ಹಚ್ಚಿದವರನ್ನು ಬೈದ ನನ್ನ ಬಾಯಿಂದ, ಹಚ್ಚಿಸಿದವನು ನಾನು ಎಂಬ ಒಂದು ಮಾತು ಹೊರಡಲಿಲ್ಲ.